ಅರಿಶಿನ ಮೆತ್ತಿದ ಜಾಲರಿ

ಪುಣೆಯ ಪಂಪು ತಯಾರಿಕೆಯ ವಲಯದಲ್ಲಿ ಹೆಸರಾಂತ ವಿನ್ಯಾಸ ಎಂಜಿನಿಯರುಗಳು ಹಲವರಿದ್ದಾರೆ. ಆದರೆ ಕೆಲಸ ಕೇಳಿಕೊಂಡು ಬಂದವರ ಎದುರು ಮೊದಲು ತಮ್ಮ ತಪ್ಪನ್ನು ಹೇಳಿಕೊಂಡು, ಆಮೇಲೆ ಅವರ ತಪ್ಪನ್ನು ವಿಚಾರಿಸುವ ಹಿರಿಯರು ನಾನು ಕಂಡಂತೆ ಒಬ್ಬರೇ. ಅವರು ನಮ್ಮ ಕಾರ್ಖಾನೆಯ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿ ಕಳೆದ ತಿಂಗಳು ನಿವೃತ್ತರಾದ ಶ್ರೀ ಬಸವಲಿಂಗ ಹಂಚಿನಾಳರು. ಸಿಬ್ಬಂದಿ ವಿಭಾಗದವನಾದ ನನ್ನ ತಲೆ ನೆರೆತದ್ದೇ ಸಂದರ್ಶನಗಳಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು.

ವಿಜಯಪುರದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದು, ಪುಣೆಯ ಧನಕವಡಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಡ್ರಾಯಿಂಗ್ ಬೋರ್ಡಿನಿಂದ ಮೇಲೆ ಬಂದವರು ಅವರು. ಅವರು ಸ್ವತಂತ್ರವಾಗಿ ರೂಪಿಸಿದ ಮೊದಲ ಪಂಪು ಖಂಡೋಬನ ಕ್ಷೇತ್ರವಾದ ಜೇಜುರಿಯ ಒಂದು ಯಾತ್ರಿನಿವಾಸಕ್ಕೆ ಹೋಯಿತು. ಸೋಮವತಿ ಅಮಾವಾಸ್ಯೆಯಂದು, ಜನ ಕಿಕ್ಕಿರಿದಿದ್ದಾಗಲೇ ಮೋಟರು ಸುಟ್ಟು ನೀರು ನಿಂತಿತು. ಬಿಚ್ಚಿ ನೋಡಿದರೆ, ಮೋಟರಿಗೆ ಗಾಳಿ ಹೋಗುವ ಜಾಲರಿಯ ತುಂಬ ಭಕ್ತರು ತೂರಿದ ಭಂಡಾರ. ಆ ಅರಿಶಿನಪುಡಿ ಮೆತ್ತಿ ಮೋಟರಿನ ಉಸಿರೇ ಕಟ್ಟಿತ್ತು. ವರ್ಷವರ್ಷವೂ ಅಲ್ಲಿಗೆ ಹೋಗಿ ಮುಷ್ಟಿಗಟ್ಟಲೆ ಭಂಡಾರ ತೂರುವ ಮನೆತನದ ಹಂಚಿನಾಳರೇ ಪಂಪು ರೂಪಿಸುವಾಗ ಅದನ್ನು ಮರೆತಿದ್ದರು. ಆ ಜಾಲರಿಯನ್ನು ಗುಜರಿಗೆ ಹಾಕಲು ಬಿಡದೆ, ಪ್ರತಿ ಸಂದರ್ಶನದಲ್ಲೂ ಮೇಜಿನ ಮೇಲಿಟ್ಟು ಕಥೆ ಹೇಳುತ್ತಿದ್ದರು. ತೂತುಗಳನ್ನು ದೊಡ್ಡದು ಮಾಡಿಸಿದೆ ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು. "ನಂದು ಇದು. ಈಗ ನಿಮ್ಮದು ಹೇಳ್ರಿ" ಎನ್ನುತ್ತಿದ್ದರು. ಕೆಲಸ ಕೊಡುವವರು ಹೀಗೆ ಮರ್ಯಾದೆ ಕಳೆದುಕೊಳ್ಳುವುದೇ ಎಂದು ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು.

ಹಲವು ವರ್ಷಗಳ ಹಿಂದೆ ಪ್ರಣೀತಾ ಎಂಬ ಯುವ ಎಂಜಿನಿಯರು ಬಂದರು. ಹಿಂದಿನ ಕಂಪನಿ ಅವರನ್ನು ಕೆಲಸದಿಂದ ತೆಗೆದಿತ್ತು. ಬೇರೆಡೆಯ ಸಂದರ್ಶನಗಳೂ ಕೈಕೊಟ್ಟಿದ್ದವು. ಇಲ್ಲಿಯೂ ಆಗದಿದ್ದರೆ ಎಂಜಿನಿಯರಿಂಗ್ ಬಿಟ್ಟು, ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಕನ್ನಡಿಗರಾದ ತಂದೆ ನಡೆಸುವ ಹೋಟೆಲಿನ ಗಲ್ಲಾದಲ್ಲಿ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತಂತೆ. ಪ್ರಶ್ನೆ ಬಂದದ್ದೇ ತಡ, ಬಾಯಿಪಾಠ ಒಪ್ಪಿಸಿದರು: ಅತಿಯಾಗಿ ದುಡಿಯುವುದೇ ಅವರ ದೋಷವಂತೆ. ಈ ಉತ್ತರ ಕೇಳಿ ಕೇಳಿ ಸಾಕಾಗಿದ್ದ ನಾನು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟೆ. ಹಂಚಿನಾಳರು ಮಾತ್ರ ಚಹಾ ತರಿಸಿ, ಇಂಗ್ಲಿಷು ಬಿಟ್ಟು ಕನ್ನಡಕ್ಕಿಳಿದು, ಜಾಲರಿಯನ್ನು ಅವರ ಕೈಗೆ ಕೊಟ್ಟರು. "ಅವಸರ ಇಲ್ಲರಿ. ಚಾ ಕುಡದು ಹೇಳ್ರಿ."

ಕಪ್ಪು ಖಾಲಿಯಾದ ಮೇಲೆ ಪ್ರಣೀತಾ ಬಾಯಿಬಿಟ್ಟರು. "ಬಯಲಲ್ಲಿಡುವ ಪಂಪಿನ ಸ್ವಿಚ್ ಪೆಟ್ಟಿಗೆ, ಸರ್. ಒಳಗೆ ಸೇರಿದ ಮಳೆನೀರು ಇಳಿದುಹೋಗಲು ತಳದಲ್ಲಿ ತೂತು ಬೇಕಿತ್ತು. ಡ್ರಾಯಿಂಗಿನಲ್ಲಿ ಬಿಟ್ಟುಹೋಗಿತ್ತು. ನನಗೆ ಸಂಶಯ ಬಂದಿತ್ತು. ಕೇಳಿದರೆ ಇಷ್ಟೂ ಗೊತ್ತಿಲ್ಲವಾ ಅನ್ನುತ್ತಾರೆ ಅಂತ ಸುಮ್ಮನಿದ್ದೆ. ಮೊದಲ ಮಳೆಗೇ ಪೆಟ್ಟಿಗೆಗಳೆಲ್ಲ ಸುಟ್ಟವು."

"ಈಗ ಸಂಶಯ ಬಂದ್ರ ಏನ್ ಮಾಡ್ತೀರಿ?"

ಅವರು ಜಾಲರಿಯನ್ನು ತಿರುಗಿಸಿ ನೋಡಿದರು. "ಈಗಲೂ ಒಂದು ಬಂದಿದೆ, ಸರ್. ತೂತು ದೊಡ್ಡದು ಮಾಡಿಸಿದೆ ಅಂದಿರಲ್ಲ, ಆಗ ಭಂಡಾರ ಸೀದಾ ಒಳಗೇ ಹೋಗುವುದಿಲ್ಲವಾ?"

ಹುಡುಗಿಯ ಕಥೆ ಮುಗಿಯಿತೆಂದುಕೊಂಡೆ. ಹಂಚಿನಾಳರು ನಕ್ಕರು. "ಹೌದ್ರಿ. ಒಳಗ ಹೋಗಿ ಇನ್ನೊಂದು ಮೋಟರೂ ಸುಟ್ಟಿತ್ತು. ಅದನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ ನೋಡ್ರಿ."

ಪ್ರಣೀತಾ ಅವರಿಗೆ ಕೆಲಸ ಸಿಕ್ಕಿತು. ಅಂದಿನಿಂದ ಹಂಚಿನಾಳರ ಕಥೆಯಲ್ಲಿ ಎರಡನೆಯ ಮೋಟರೂ ಸೇರಿಕೊಂಡಿತು. ಅವರ ಪ್ರಾಮಾಣಿಕತೆಯನ್ನು ಹೊಗಳುವವರಿಗೆ ನಾನು ಹೇಳುವುದಿಷ್ಟೇ: ಅದು ಹುಟ್ಟುಗುಣವಲ್ಲ, ತಮಗಿಂತ ಚಿಕ್ಕವರಿಂದಲೂ ಅವರು ಕಲಿತದ್ದು. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಪ್ರೀತಿ.

ಬೀಳ್ಕೊಡುಗೆಯ ದಿನ, ಈಗ ಅವರ ಮುಖ್ಯಸ್ಥರ ಕುರ್ಚಿಗೆ ಬಂದಿರುವ ಪ್ರಣೀತಾ, ಜಾಲರಿಯನ್ನು ಇಲ್ಲೇ ಬಿಟ್ಟುಹೋಗಬೇಕೆಂದು ಕೇಳಿಕೊಂಡರು. ಅದನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತ ಹಂಚಿನಾಳರೆಂದರು, "ನಂದು ನಾ ಒಯ್ತೀನಿ. ನೀವು ನಿಮ್ಮದು ಇಡ್ರಿ." ಈಗ ಆ ಮೇಜಿನ ಮೇಲೆ ತಳದಲ್ಲಿ ತೂತಿಲ್ಲದ ಸ್ವಿಚ್ ಪೆಟ್ಟಿಗೆಯೊಂದು ಕೂತಿದೆ.

ಹಂಚಿನಾಳರು ಧನಕವಡಿಯ ವಿದ್ಯಾರ್ಥಿಗಳನ್ನು ಸಂದರ್ಶನಕ್ಕೆ ಅಣಿಗೊಳಿಸುವ ಹೊಸ ಕೆಲಸ ಹಚ್ಚಿಕೊಂಡಿದ್ದಾರೆ. ಇನ್ನಷ್ಟು ಹೊಸ ತಪ್ಪುಗಳನ್ನು ಮಾಡುವಷ್ಟು ಆಯುಸ್ಸನ್ನೂ, ಅವನ್ನು ನಮ್ಮೆದುರು ಬಂದು ಹೇಳುವಷ್ಟು ಕಾಲಿನ ಕಸುವನ್ನೂ ಖಂಡೋಬನು ಅವರಿಗೆ ಕೊಡಲಿ. ಚಹಾ ನಾನು ತರಿಸುತ್ತೇನೆ.