ಅದೇ ಬರ್ಕೊಂಡಿತ್ತು

ಲಿಫ್ಟ್ ರಿಪೇರಿ ಕಂಪನಿಯ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಮೆಕ್ಯಾನಿಕ್‌ಗಳು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಮುಳ್ಳಕ್ಕ. ತಪಾಸಣಾ ವರದಿಯ ನಮೂನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದವಳು ಅವಳೇ. ಎಲ್ಲ ಕಟ್ಟಡಗಳಿಗೂ ಹೊಂದುವ ಸಾಲುಗಳು ಅದರಲ್ಲಿ ಕದಲದೆ ನಿಂತಿದ್ದವು. ಬದಲಾಗುವ ಕಡೆಯೆಲ್ಲ ಅವಳು ಖಾಲಿ ಫೀಲ್ಡುಗಳನ್ನು ಇಟ್ಟಿದ್ದಳು: ತಾರೀಕಿಗೊಂದು, ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗಕ್ಕೊಂದು, ಬ್ರೇಕಿಗೊಂದು, ಪರೀಕ್ಷಿಸಿದವನ ಹೆಸರಿಗೊಂದು. ತಾರೀಕಿನ ಜಾಗದಲ್ಲಿ ತಾರೀಕಲ್ಲದೆ ಬೇರೇನೂ ಕೂರುತ್ತಿರಲಿಲ್ಲ. ಹಗ್ಗದ ಫೀಲ್ಡು ತುಂಬುವ ತನಕ ಪ್ರಿಂಟರು ಜಪ್ಪಯ್ಯ ಅಂದರೂ ಕಾಗದ ಬಿಡುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಾರುಬಾರು. ಅಡುಗೆಮನೆಯ ಡಬ್ಬಿ ಬರಿದಾದರೆ ಮುಚ್ಚಳ ತೆಗೆದೇ ಇಡಬೇಕು; ಮುಚ್ಚಿಟ್ಟ ಖಾಲಿ ಡಬ್ಬಿ ಅವಳ ಲೆಕ್ಕದಲ್ಲಿ ಸುಳ್ಳು. ಈ ಮನೆಯಲ್ಲಿ ಖಾಲಿ ಡಬ್ಬಿಗಿರುವ ಮರ್ಯಾದೆ ತನಗಿಲ್ಲವೆಂದು ಗಂಡ ಗೊಣಗುತ್ತಿದ್ದ. ಅತ್ತೆ ಮಾತ್ರ ಸೊಸೆಯ ಪಕ್ಷ.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದ. ಉಸಿರಾಡುವುದಕ್ಕೂ ಪುರಸೊತ್ತಿಲ್ಲದವನ ಹಾಗೆ ಓಡಾಡುವ ಆಸಾಮಿ. ಪ್ರಿಂಟರಿನ ಮುಂದೆ ಮೆಕ್ಯಾನಿಕ್‌ಗಳು ಸಾಲು ನಿಲ್ಲುವುದು ಅವನ ಕಣ್ಣಿಗೆ ಚುಚ್ಚಿತು. ಹಗ್ಗ, ಬ್ರೇಕು ಎರಡಕ್ಕೂ 'ಸುಸ್ಥಿತಿಯಲ್ಲಿದೆ' ಎಂದು ಮೊದಲೇ ತುಂಬಿಡಿ, ಕೆಟ್ಟಿದ್ದರೆ ನೋಡಿದವರು ತಿದ್ದಿಕೊಳ್ಳಲಿ ಎಂದ. ತಾನಾಗಿ ತುಂಬಿಕೊಂಡದ್ದನ್ನು ಯಾರೂ ಓದುವುದಿಲ್ಲ ಎಂದು ಅವಳು ವಾದಿಸಿದಳು. ಅವಳು ರಜೆ ಹಾಕಿದ ದಿನ ಅವನೇ ಕೂತು ತುಂಬಿಟ್ಟ.

ಸಾಲು ಕರಗಿತು. ವರದಿಗಳು ಸರಸರನೆ ಹೊರಬಿದ್ದವು. ಅವುಗಳಲ್ಲಿ ಒಂದು ಅವಳ ನಾದಿನಿ ಇರುವ ಕಟ್ಟಡದ್ದು. ನಾದಿನಿಯದು ಏಳನೇ ಮಹಡಿ. ಮಂಡಿ ನೋವಿನ ಅತ್ತೆ ಮಗಳನ್ನು ನೋಡಲು ಆ ಲಿಫ್ಟಿನಲ್ಲೇ ಹೋಗಿಬರುತ್ತಿದ್ದರು. ಒಂದು ಸಂಜೆ ಅತ್ತೆ ಮಾತಿನ ನಡುವೆ ಹೇಳಿದರು: ನಿಮ್ಮ ಆಫೀಸಿನ ಹುಡುಗ ಲಿಫ್ಟ್ ನೋಡೋಕೆ ಬಂದಿದ್ದ, ಪಾಪ, ಮೋಟರು ಕೋಣೆಗೆ ಬೀಗ, ಕಾವಲುಗಾರ ಊರಲ್ಲಿಲ್ಲ, ನೀರು ಕುಡಿದು ಹೊರಟುಹೋದ.

ಹಗ್ಗ, ಬ್ರೇಕು ನೋಡಬೇಕಾದರೆ ಆ ಕೋಣೆಗೇ ಹೋಗಬೇಕು; ವರದಿಯಲ್ಲಿ ಮಾತ್ರ ಎರಡೂ ಸುಸ್ಥಿತಿಯಲ್ಲಿದ್ದವು.

ಬೆಳಿಗ್ಗೆ ಆ ಮೆಕ್ಯಾನಿಕ್ಕನ್ನು ನಿಲ್ಲಿಸಿ, ಹಗ್ಗ ನೋಡದೆ ಸುಸ್ಥಿತಿ ಅಂತ ಹೇಗೆ ಬರೆದೆ ಎಂದು ಕೇಳಿದಳು.

"ನಾನೆಲ್ಲಿ ಬರ್ದೆ ಅಕ್ಕ? ಅದೇ ಬರ್ಕೊಂಡಿತ್ತು."

ಅವನ ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಸುಳ್ಳು ಹೇಳುವವನಿಗೆ ನಾಲಗೆಯನ್ನಾದರೂ ಅಲ್ಲಾಡಿಸುವ ಕಷ್ಟವಿರುತ್ತದೆ. ಮ್ಯಾನೇಜರು ಆ ಕಷ್ಟವನ್ನೂ ತಪ್ಪಿಸಿದ್ದ.

ನೇರ ಮ್ಯಾನೇಜರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವನು ತಲೆಯೆತ್ತದೆ ಕೇಳಿದ.

"ಹಗ್ಗ ಹರಿದು ಬಿದ್ದಿದ್ಯಾ? ಇಲ್ವಲ್ಲ."

"ನಮ್ಮತ್ತೆ ಓಡಾಡೋ ಲಿಫ್ಟು ಸರ್ ಅದು."

"ಮೆಟ್ಲು ಹತ್ತೋಕೆ ಹೇಳಿ. ಮಂಡಿಗೂ ಒಳ್ಳೇದು."

ಅವಳು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಅವನು ತುಂಬಿದ್ದನ್ನು ಮುಟ್ಟಲಿಲ್ಲ. ತಾರೀಕು ಬಿಟ್ಟರೆ ಒಂದೇ ಒಂದು ಫೀಲ್ಡು ಇನ್ನೂ ಖಾಲಿ ಉಳಿದಿತ್ತು, ಪರೀಕ್ಷಿಸಿದವರ ಹೆಸರಿನದು. ಅದನ್ನೂ ಮೊದಲೇ ತುಂಬಿಟ್ಟಳು, ಮ್ಯಾನೇಜರ ಪೂರ್ತಿ ಹೆಸರು, ಹುದ್ದೆ ಸಮೇತ.

ಮಧ್ಯಾಹ್ನ ಸಹಿಗೆ ಹೋದ ವರದಿಗಳ ಕಟ್ಟು ಹಿಡಿದುಕೊಂಡು ಅವನು ಹೊರಗೆ ಬಂದ. ಯಾವತ್ತೂ ಇಲ್ಲದ ನಿಧಾನ.

"ಏನ್ರೀ ಇದು? ಇಷ್ಟೂ ಲಿಫ್ಟಿನ ತಲೆ ಮೇಲೆ ನಾನು ಯಾವಾಗ ಹತ್ತಿದ್ದೆ?"

"ಬೇರೆಯವ್ರು ನೋಡಿದ್ರೆ ತಿದ್ಕೊಳ್ಳಲಿ ಅಂತ ಬಿಟ್ಟೆ ಸರ್. ಯಾರೂ ತಿದ್ದಿಲ್ಲ."

ಹಗ್ಗ ಹರಿದರೆ ಪೊಲೀಸರು ಯಾರ ಮನೆ ಬಾಗಿಲು ತಟ್ಟುತ್ತಾರೆ ಎಂಬ ಲೆಕ್ಕ ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲೇ ತುಂಬಿಟ್ಟದ್ದನ್ನೆಲ್ಲ ಖಾಲಿ ಮಾಡಿ ಎಂದು ಹೇಳಿ ಒಳಗೆ ಹೋದ.

ಅವಳು ಖಾಲಿ ಮಾಡಿದಳು. ಕಾವಲುಗಾರನಿಗೆ ಫೋನು ಮಾಡಿ ಬೀಗದ ಕೈ ಎಲ್ಲಿದೆಯೆಂದು ತಿಳಿದು, ಆ ಮೆಕ್ಯಾನಿಕ್ಕನ್ನು ಮತ್ತೆ ಅಟ್ಟಿದಳು. ಅವನು ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಮರಳಿ, ಕಂಪ್ಯೂಟರಿನ ಮುಂದೆ ನಿಂತ. ಹಗ್ಗದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ.

"ಕಂಡಿದ್ದು ಬರಿ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ಎಳೆಗಳು ಬಿಟ್ಟಿವೆ, ಲಿಫ್ಟ್ ನಿಲ್ಲಿಸಿ ಬಂದಿದ್ದೇನೆ. ಪ್ರಿಂಟರು ಕಾಗದ ಬಿಟ್ಟಿತು. ಅವಳು ಅದನ್ನು ಓದಿದಳು. ನಿಟ್ಟುಸಿರು ಬರಲಿಲ್ಲ, ಸಿಟ್ಟೇ ಬಂತು. ಸಹಿಗೆ ಜವಾನನ ಕೈಲಿ ಕಳಿಸದೆ ತಾನೇ ಎತ್ತಿಕೊಂಡು ಹೋಗಿ, ಮ್ಯಾನೇಜರು ಕೊನೆಯ ಸಾಲಿನವರೆಗೆ ಓದಿ ಮುಗಿಸುವ ತನಕ ಅವನ ಮೇಜಿನ ಮುಂದೆ ನಿಂತೇ ಇದ್ದಳು.