ಮನೆಯೊಡತಿಯ ರೊಡೇಷಿಯಾ

ತೊಂಬತ್ತರ ದಶಕದ ಕೊನೆ. ಅಮೆರಿಕದ ಆನ್ ಆರ್ಬರ್‌ನಲ್ಲಿ ಒಬ್ಬ ಮುದುಕಿಯ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಗಂಡ ಲ್ಯಾಬಿಗೆ ಹೋದರೆ ಬರುವುದು ಸಂಜೆಗೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮಧ್ಯಾಹ್ನಗಳನ್ನೆಲ್ಲ ಆಕೆಯ ಅಡುಗೆಮನೆಯಲ್ಲೇ ಕಳೆಯುತ್ತಿದ್ದೆ.

ಆಕೆ ಇಂಗ್ಲಿಷರವಳು, ಹುಟ್ಟಿದ್ದು ರೊಡೇಷಿಯಾದಲ್ಲಿ, ಈಗಿನ ಜಿಂಬಾಬ್ವೆ. ಅಪ್ಪನಿಗೆ ಕಣ್ಣು ಹಾಯುವವರೆಗೂ ಹೊಗೆಸೊಪ್ಪಿನ ಹೊಲ. "ಖಾಲಿ ಬಿದ್ದಿದ್ದ ನೆಲ, ಅಪ್ಪ ಬಂಗಾರ ಮಾಡಿದ" ಎನ್ನುತ್ತಿದ್ದಳು. ಖಾಲಿ ನೆಲದಲ್ಲಿ ಅಷ್ಟೊಂದು ಆಳುಗಳು ಎಲ್ಲಿಂದ ಬಂದರೋ!

ಆಕೆಯನ್ನು ಎತ್ತಿ ಆಡಿಸಿದವನು ಮನೆಯ ಅಡುಗೆಯವನು. ಅವನ ಮಾತು ಬಂದರೆ ಆಕೆಯ ಮುಖ ಅರಳುತ್ತಿತ್ತು. ಒಮ್ಮೆ ಅವನ ಹೆಸರು ಕೇಳಿದೆ.

"ಬಾಯ್ ಅಂತ ಕರೀತಿದ್ವಿ. ಅವನ ಹೆಸರು ನಮ್ಮ ನಾಲಿಗೆಗೆ ಹೊರಳ್ತಿರಲಿಲ್ಲ."

ತಲೆ ನರೆತವನೂ 'ಬಾಯ್', ಹುಡುಗ. ಅಲ್ಲಿ ಕರಿಯರ ಸರ್ಕಾರ ಬಂದಾಗ ಇವರು ನಾಯಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೊರಟರಂತೆ, ಅಮೆರಿಕ ಆಮೇಲಿನದು. "ಅವನು?" ಎಂದೆ.

"ಗೇಟ್ ತೆಗೆದು ನಿಂತಿದ್ದ. ಪಾಪ."

ಆದರೂ ಆಕೆ ನನಗೆ ಬೇಕಾದವಳೇ ಆಗಿದ್ದಳು. ಮೆಟ್ಟಿಲ ಮೇಲಿನ ಹಿಮ ಬಳಿದು ಹಾಕಿದೆ, ಕಾಲುನೋವಿಗೆ ಎಣ್ಣೆ ತಿಕ್ಕಿದೆ, ಮಾಡಿದ್ದರಲ್ಲಿ ಒಂದು ಪಾಲು ಕೆಳಗೆ ಒಯ್ದೆ. ಆ ನವೆಂಬರ್‌ನಲ್ಲಿ ಆಕೆಯ ತಂಗಿ ಶಿಕಾಗೋದಿಂದ ಬಂದಿದ್ದಳು. ನಾನು ಚಿತ್ರಾನ್ನ ಹಿಡಿದು ಹೋದೆ.

"ಇವಳು ನನ್ನ ಹುಡುಗಿ" ಎಂದಳು ಮುದುಕಿ. "ಬಹಳ ನಂಬಿಕಸ್ಥೆ. ಮನೇಲಿ ಒಂದು ಚಮಚ ಕೂಡ ಕಳೆದಿಲ್ಲ."

ತಂಗಿ ನನ್ನತ್ತ ನೋಡದೆಯೇ, "ನಿನ್ನ ಅದೃಷ್ಟ. ಇಲ್ಲೂ ಒಬ್ಬಳು ಸಿಕ್ಕಳಲ್ಲ" ಎಂದಳು.

"ನಾನು ಬಾಡಿಗೆಗಿರೋಳು. ಆಳಲ್ಲ" ಎಂದೆ.

"ಅಯ್ಯೋ, ನಾನೇನಂದೆ ಈಗ?" ಮುದುಕಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಬೇಕೆಂದೇ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಗಂಡನಿಗೆ ಹೇಳಿದೆ.

"ವಯಸ್ಸಾಗಿದೆ ಕಣೆ, ಬಿಟ್ಹಾಕು. ಲೀಸ್ ಮುಗಿಯೋವರೆಗೂ ಅಡ್ಜಸ್ಟ್ ಮಾಡ್ಕೊ."

"ನಿಮ್ಮ ಪ್ರೊಫೆಸರ್ ನಿಮ್ಮನ್ನ ಹಂಗಂದಿದ್ರೆ?"

ಅವರು ಟೀವಿ ಹಾಕಿದರು.

ಆಮೇಲೆ ನಾನು ಕೆಳಗಿಳಿಯಲಿಲ್ಲ. ಆಕೆ ಕೆಲವು ದಿನ ಕೋಲಿನಿಂದ ಚಾವಣಿ ತಟ್ಟಿ ಕರೆದಳು, ಆಮೇಲೆ ಬಿಟ್ಟಳು. ಬೇಸಿಗೆಯಲ್ಲಿ ಲೀಸ್ ಮುಗಿದು ನಾವು ಪಕ್ಕದ ಊರು ಕ್ಯಾಂಟನ್‌ಗೆ ಹೋದೆವು. ಹೊರಡುವಾಗ ಮುದುಕಿ ನನ್ನ ಕೈ ಹಿಡಿದು ಅತ್ತಳು. ಆ ಕಣ್ಣೀರು ಸುಳ್ಳಲ್ಲವೆಂದೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂದೆ ಜಿಂಬಾಬ್ವೆಯಲ್ಲಿ ಬಿಳಿಯರ ಜಮೀನುಗಳನ್ನು ಕಿತ್ತುಕೊಳ್ಳುತ್ತಿರುವ ಸುದ್ದಿ ಟೀವಿಯಲ್ಲಿ ಬಂತು. "ಪಾಪ, ಆ ಅಜ್ಜಿ ನೋಡ್ತಿರ್ತಾರೆ. ಒಂದು ಫೋನ್ ಮಾಡು" ಎಂದರು ಗಂಡ.

"ನೀವೇ ಮಾಡಿ" ಎಂದು ಎದ್ದು ಒಳಗೆ ಹೋದೆ.