ಮೂವತ್ತೊಂದು ವಸ್ತ್ರ

ಜೇವರ್ಗಿ ಕಡೆಯ ಒಂದು ಹಳೆಯ ಮಠದಲ್ಲಿ ಚಂದ್ರಾಮನಿಗೆ ಗ್ರಂಥಪಾಲಕನೆಂಬ ಹುದ್ದೆ. ಯಾರಾದರೂ ಹಾಗೆ ಕರೆದರೆ ಅವನಿಗೇ ನಗು. "ನಾ ಓದಾಂವ ಅಲ್ರಿ, ಒರಸಾಂವ" ಎನ್ನುತ್ತಿದ್ದ. ಏಳನೇ ಇಯತ್ತೆಯಲ್ಲಿ ಎರಡು ಸಲ ಕೂತು ಎದ್ದು ಬಂದವನು, ಮೂವತ್ತೊಂದು ವರ್ಷದಿಂದ ನಾಲ್ಕು ಕಪಾಟುಗಳ ಧೂಳು ಹೊಡೆಯುತ್ತ, ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ.

ಮಠದ ಹೆಮ್ಮೆಯೆಂದರೆ ಒಂದು ತಾಳೆಗರಿಯ ಕಟ್ಟು. ಹಿಂದಿನ ಸ್ವಾಮಿಗಳು ತೀರಿಕೊಳ್ಳುವ ಮುಂಚೆ ಅದನ್ನು ಅವನ ಕೈಗಿಟ್ಟು, "ಇದನ್ನ ಓದಾವ್ರು ಒಂದಿನ ಬರ್ತಾರ. ಅಲ್ಲೀತನಕ ಕಾಯಿ" ಎಂದಿದ್ದರು. ಚಂದ್ರಾಮ ಕಾದ. ಕಾಯುವುದೊಂದು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದವನೆಂದು ಹೆಂಡತಿ ಗೌರಾಬಾಯಿ ಊರಿಗೆಲ್ಲ ಹೇಳಿದ್ದಳು.

ಬಂದವರು ಓದುವವರಲ್ಲ, ಅಡ್ಡಬೀಳುವವರು. ಪ್ರತಿ ಮಹಾನವಮಿಗೆ ಭಕ್ತರೊಬ್ಬರು ಕಟ್ಟಿಗೆ ರೇಶ್ಮೆ ವಸ್ತ್ರ ಏರಿಸುವುದು ವಾಡಿಕೆ. ಏರಿಸಿದ್ದನ್ನು ತೆಗೆಯುವಂತಿಲ್ಲ, ಹಳೆಯದರ ಮೇಲೆಯೇ ಹೊಸದು. ತಲೆದಿಂಬಿನಷ್ಟಿದ್ದ ಕಟ್ಟು ಒರಗುವ ಲೋಡಿನಷ್ಟಾಯಿತು. "ನಮ್ಮ ಗ್ರಂಥ ಬೆಳ್ಯಾಕತ್ತದ ನೋಡ್ರಿ" ಎಂದು ಮಠದ ಮ್ಯಾನೇಜರ್ ವಿಶ್ವಾರಾಧ್ಯ ಬಂದವರಿಗೆಲ್ಲ ತೋರಿಸುತ್ತಿದ್ದ. ವರ್ಷವರ್ಷವೂ ಸುತ್ತಿ ಗಂಟು ಹಾಕಿದವನು ಚಂದ್ರಾಮನೇ. ಆದರೂ ಒಂದೊಂದು ಸಲ ಅವನಿಗೂ ಹೌದೆನ್ನಿಸುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅಫಜಲಪುರ ಕಡೆಯಿಂದ ಕಾಲೇಜು ಹುಡುಗರ ಬಸ್ಸು ಬಂತು. ಕಟ್ಟಿನ ಮುಂದೆ ಸೆಲ್ಫಿ ತೆಗೆದುಕೊಂಡು ಎಲ್ಲರೂ ಪ್ರಸಾದದ ಸಾಲಿಗೆ ಓಡಿದರು. ಒಬ್ಬ ಹುಡುಗಿ ಉಳಿದಳು.

"ಕಾಕಾ, ಇದರಾಗ ಏನ್ ಬರದಾರ?"

ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಚಂದ್ರಾಮ ಅವಳತ್ತ ತಿರುಗಿದ. "ನೀ ಯಾರವ್ವಾ?"

"ನಸ್ರೀನ ಅಂತ್ರಿ, ಸರಸಂಬಾದಾಕಿ. ಹಳೇ ಲಿಪಿ ಓದೂದು ಕಲತೇನ್ರಿ. ಕಲ್ಲಿನ ಮ್ಯಾಲಿಂದು ಓದೇನಿ, ಗರಿ ಇನ್ನಾ ಮುಟ್ಟಿಲ್ಲ."

ಚಂದ್ರಾಮನ ಕೈ ಗಂಟಿಗೆ ಹೋಯಿತು. ವಿಶ್ವಾರಾಧ್ಯ ಓಡಿ ಬಂದ. "ಏ ಚಂದ್ರಾಮ, ತಲಿ ಕೆಟ್ಟದೇನಲೇ? ಏರಿಸಿದ ವಸ್ತ್ರ ಬಿಚ್ಚಾಕತ್ತೀ! ನಾಳಿಂದ ಮನೀಗೆ ಕಳಸ್ತೇನಿ!"

"ಕಳಸ್ರಿ. ಓದಾವ್ರು ಬರೂತನಕ ಕಾಯಿ ಅಂದಿದ್ರು ಹಿಂದಿನ ಸ್ವಾಮ್ಯಾರು. ಬಂದಾಳಲ್ರಿ."

ಬಿಚ್ಚುತ್ತ ಹೋದ. ಮೇಲಿನ ರೇಶ್ಮೆಗಳು ಝಗಝಗ. ಇಪ್ಪತ್ತನೆಯದರಲ್ಲಿ ತೂತು. ಕೊನೆಯವು ಬೆರಳಿಗೆ ಪುಡಿಪುಡಿಯಾಗಿ ಬಂದವು. ಗರಿಗಳನ್ನು ಹಿಡಿದಿಡಲು ಮೇಲೆ ಕೆಳಗೆ ಇಟ್ಟಿದ್ದ ಮರದ ಹಲಗೆಗಳು ಗಟ್ಟಿಯಾಗಿದ್ದವು. ನಡುವೆ ಒಂದು ಬೊಗಸೆ ಗೆದ್ದಲ ಮಣ್ಣು, ಅದರಲ್ಲಿ ಉಗುರಿನಷ್ಟು ಗರಿಯ ಚೂರು.

ನಸ್ರೀನ ಅದನ್ನು ಬೆಳಕಿಗೆ ಹಿಡಿದಳು. "ಎರಡು ಅಕ್ಷರ ಅದಾವ ಕಾಕಾ. ಹಿಂದಿಲ್ಲ, ಮುಂದಿಲ್ಲ." ಆಮೇಲೆ ಮೆಲ್ಲಗೆ, "ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣಿ ಸವರಬೇಕಿತ್ರಿ."

ಎಣ್ಣೆ! ದೀಪಕ್ಕೆ, ಕಪಾಟಿನ ಬಿಜಾಗರಿಗೆ, ತನ್ನ ತಲೆಗೆ ಮೂವತ್ತೊಂದು ವರ್ಷ ತಪ್ಪದೆ ಎಣ್ಣೆ ಹಾಕಿದವನು ನೆಲಕ್ಕೆ ಕೂತ. "ಯಾರೂ ಹೇಳಲಿಲ್ಲಲ್ಲವ್ವಾ. ನಾನೂ ಕೇಳಲಿಲ್ಲ."

ವಿಶ್ವಾರಾಧ್ಯ ಬಾಗಿಲು ಹಾಕಿದ. "ಹ್ಯಾಂಗಿತ್ತೋ ಹಂಗ ಕಟ್ಟಿಬಿಡು. ತಂಗೀ, ನೀ ಊಟಕ್ಕ ನಡಿಯವ್ವಾ."

ಚಂದ್ರಾಮ ಕಟ್ಟಿದ. ಆ ಗಂಟು ಬೇರೆ ಯಾರಿಗೂ ಬಾರದ್ದರಿಂದ ನೌಕರಿಯೂ ಉಳಿಯಿತು.

ಈ ಮಹಾನವಮಿಗೆ ಮೂವತ್ತೆರಡನೆಯ ವಸ್ತ್ರ ತಂದ ಭಕ್ತರು ಕಟ್ಟಿಗೆ ಹಣೆ ಹಚ್ಚಿ ಎದ್ದು, "ಹ್ವಾದ ವರ್ಷಕ್ಕಿಂತ ಬೆಳದದಲ್ಲೋ ಚಂದ್ರಾಮ?" ಎಂದರು.

"ಹೌದ್ರಿ" ಎಂದು ಚಂದ್ರಾಮ ಗಂಟು ಬಿಗಿದ.